ಗೋಮಂತಕದ ಭಾವುಸಾಹೇಬ: ದಯಾನಂದ ಬಾಂದೋಡ್ಕರ್

ಗೋವೆಯ ನಕಾಶೆಯನ್ನು ಬರೆಯಿರೆಂದರೆ ವಿದ್ಯಾರ್ಥಿಗಳು ಪಶ್ಚಿಮದ ಕಡಲಂಚನ್ನು ಸುಲಭವಾಗಿ ಬರೆದುಬಿಡುತ್ತಾರೆ. ಪೂರ್ವದ ಗೆರೆ ಬಂದಾಗ ಮಾತ್ರ ಪೆನ್ಸಿಲು ತಡವರಿಸುತ್ತದೆ. ಆ ಗೆರೆ ಒಮ್ಮೆ ಬೆಟ್ಟದ ನೆತ್ತಿಯನ್ನು ಹಿಡಿಯುತ್ತದೆ, ಒಮ್ಮೆ ಹಳ್ಳದ ದಂಡೆಯನ್ನು ಹಿಡಿಯುತ್ತದೆ, ಮತ್ತೊಮ್ಮೆ ಯಾವ ಕಾರಣವೂ ಕಾಣದಂತೆ ಒಳಕ್ಕೆ ಬಾಗುತ್ತದೆ. ಕಾರಣವಿಲ್ಲದೆ ಯಾವ ಗಡಿಯೂ ಬಾಗುವುದಿಲ್ಲ. ಪ್ರತಿಯೊಂದು ತಿರುವಿನ ಹಿಂದೆ ಒಂದು ಕಾಳಗವೋ, ಒಂದು ಒಪ್ಪಂದವೋ, ಒಬ್ಬ ಅರಸನ ಸೋಲೋ ಇರುತ್ತದೆ. ಆ ಗೆರೆಯೊಳಗೆ ಹುಟ್ಟಿದವರ ಓದು, ಭಾಷೆ, ಕಾನೂನು, ಕೆಲವೊಮ್ಮೆ ಅನ್ನ ಕೂಡ ಅದರಿಂದಲೇ ನಿರ್ಧಾರವಾಗುತ್ತದೆ.

ಇಂಥ ಒಂದು ಗೆರೆಯನ್ನು ಅಳಿಸಿಹಾಕಬೇಕೆಂದು ಹೊರಟವರು, ಜನ ಬೇಡವೆಂದಾಗ ಆ ಗೆರೆಯೊಳಗೇ ಉಳಿದು ನಾಡನ್ನು ಕಟ್ಟಿದವರು ಶ್ರೀ ದಯಾನಂದ ಬಾಳಕೃಷ್ಣ ಬಾಂದೋಡ್ಕರ್. ಗೋವೆಯ ಮೊದಲ ಮುಖ್ಯಮಂತ್ರಿಗಳಾದ ಇವರನ್ನು ಜನ ಪ್ರೀತಿಯಿಂದ ಭಾವುಸಾಹೇಬರೆಂದು ಕರೆದರು. ಅವರ ಬಾಳನ್ನು ಈ ಬಾರಿಯ ಸಂಚಿಕೆಯಲ್ಲಿ ನಮ್ಮ ಮಕ್ಕಳಿಗೂ ಪೋಷಕರಿಗೂ ಪರಿಚಯಿಸುವುದು ನಮಗೆ ಉಚಿತವೆನಿಸಿದೆ. ನಮ್ಮ ಮಕ್ಕಳಲ್ಲಿ ಹಲವರ ಅಜ್ಜಿಯ ಮನೆ ವಿಜಯಪುರ, ಬಾಗಲಕೋಟೆ, ಗದಗ ಜಿಲ್ಲೆಗಳಲ್ಲಿದೆ. ಪಂಚಮಿಗೋ ಜಾತ್ರೆಗೋ ಊರಿಗೆ ಹೊರಟಾಗ ಅನಮೋಡ ಘಾಟಿನಲ್ಲಿ ಅವರು ದಾಟುವ ಗಡಿಯ ಕಥೆಯೂ ಇದೇ ಆಗಿದೆ.

ತುಂಡು ತುಂಡಾಗಿ ಕೂಡಿದ ನಾಡು

ಭಾವುಸಾಹೇಬರ ಜೀವನ ಅರ್ಥವಾಗಬೇಕಾದರೆ ಮೊದಲು ಗೋವೆಯ ಆಕಾರ ಅರ್ಥವಾಗಬೇಕು. ಪೋರ್ತುಗೀಜರು ಗೋವೆಯನ್ನು ಒಂದೇ ಸಲಕ್ಕೆ ಗೆದ್ದವರಲ್ಲ. ೧೫೧೦ರಲ್ಲಿ ಆಲ್ಬುಕರ್ಕನು ಬಿಜಾಪುರದ ಆದಿಲಶಾಹಿಯಿಂದ ಕಸಿದುಕೊಂಡದ್ದು ಮಾಂಡವಿ ಮತ್ತು ಜುವಾರಿ ನದಿಗಳ ನಡುವಣ ತಿಸವಾಡಿ ದ್ವೀಪವನ್ನು. ಹೊನ್ನಾವರದ ತಿಮ್ಮಯ್ಯನ ನೆರವು ಅವನಿಗೆ ದೊರೆತಿತ್ತು. ೧೫೪೩ರಲ್ಲಿ ಉತ್ತರದ ಬಾರ್ದೇಶ ಮತ್ತು ದಕ್ಷಿಣದ ಸಾಷ್ಟಿ ಸೇರಿದವು. ಇವುಗಳಿಗೆ ಹಳೆಯ ಗೆಲವಿನ ಸೀಮೆಯೆಂದು ಹೆಸರು. ಆಮೇಲೆ ಎರಡು ಶತಮಾನಗಳಿಗೂ ಹೆಚ್ಚು ಕಾಲ ಗಡಿ ಹೆಚ್ಚುಕಡಿಮೆ ಅಲ್ಲಿಯೇ ನಿಂತಿತು.

ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಉಳಿದ ಭಾಗಗಳು ಬಂದವು. ಹೈದರಾಲಿಯ ಸೈನ್ಯ ನಮ್ಮ ಶಿರಸಿಯ ಹತ್ತಿರದ ಸೋದೆಯ ಮೇಲೆ ಬಿದ್ದಾಗ ಸೋದೆಯ ಅರಸರು ಗೋವೆಯಲ್ಲಿ ಆಶ್ರಯ ಪಡೆದರು. ಅವರ ಕೈಯಲ್ಲಿದ್ದ ಫೋಂಡಾ, ಕೇಪೆ, ಕಾಣಕೋಣ ಮೊದಲಾದ ಸೀಮೆಗಳು ಪೋರ್ತುಗೀಜರ ವಶವಾಗಿ, ೧೭೯೧ರ ಒಪ್ಪಂದದಿಂದ ಅವರಿಗೇ ಕಾಯಮ್ಮಾದವು. ಸಾವಂತವಾಡಿಯ ಭೋಸಲೆಯವರಿಂದ ಡಿಚೋಲಿ, ಸತ್ತರಿಗಳೂ ೧೭೮೮ರಲ್ಲಿ ಪೆಡಣೆಯೂ ಬಂದವು. ಇವೆಲ್ಲ ಹೊಸ ಗೆಲವಿನ ಸೀಮೆ.

ಹಳೆಯ ಸೀಮೆಯಲ್ಲಿ ಪೋರ್ತುಗೀಜರು ಹದಿನಾರನೆಯ ಶತಮಾನದಲ್ಲಿ ದೇವಾಲಯಗಳನ್ನು ಕೆಡವಿದ್ದರು, ಮತಾಂತರ ನಡೆಸಿದ್ದರು, ತಮ್ಮ ಭಾಷೆಯನ್ನೂ ನಡೆನುಡಿಯನ್ನೂ ಆಳವಾಗಿ ಬೇರೂರಿಸಿದ್ದರು. ಹೊಸ ಸೀಮೆ ಕೈಗೆ ಬರುವ ಹೊತ್ತಿಗೆ ಆ ಆವೇಶ ಇಳಿದಿತ್ತು. ಅಲ್ಲಿಯ ಜನರ ಧರ್ಮ, ದೇವಸ್ಥಾನ, ರೂಢಿಗಳನ್ನು ಅವರು ಹಾಗೆಯೇ ಬಿಟ್ಟರು. ಹೀಗಾಗಿ ಒಂದೇ ಗೋವೆಯೊಳಗೆ ಎರಡು ಬಗೆಯ ಬಾಳು ಬೆಳೆಯಿತು. ಒಳಗಿನ ಈ ಗೆರೆ ನಕಾಶೆಯಲ್ಲಿ ಕಾಣದು, ಆದರೂ ಇದನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಅದು ಮತಪೆಟ್ಟಿಗೆಯಲ್ಲಿ ಎದ್ದು ಕಾಣಲಿದೆ.

ಗಡಿಯ ವಿಚಿತ್ರಗಳು ಇಷ್ಟಕ್ಕೇ ಮುಗಿಯಲಿಲ್ಲ. ಉತ್ತರದಲ್ಲಿ ತೆರೆಖೋಲ ನದಿಯೇ ಗಡಿ ಎನ್ನೋಣವೆಂದರೆ, ತೆರೆಖೋಲದ ಕೋಟೆ ನದಿಯ ಆಚೆಯ ದಂಡೆಯಲ್ಲಿದ್ದೂ ಗೋವೆಗೆ ಸೇರಿದೆ. ದಕ್ಷಿಣದಲ್ಲಿ ಅಂಜದೀವ ದ್ವೀಪ ಕಾರವಾರದ ಕಣ್ಣೆದುರಿಗೇ ಇದ್ದರೂ ಗೋವೆಯದು. ದಮನ್ ಮತ್ತು ದೀವ್ ಎಂಬ ಎರಡು ಚೂರುಗಳಂತೂ ನೂರಾರು ಮೈಲಿ ದೂರದ ಗುಜರಾತಿನ ತೀರದಲ್ಲಿದ್ದು ಬಹುಕಾಲ ಪಣಜಿಯಿಂದಲೇ ಆಳಲ್ಪಟ್ಟವು.

ಬಾಲ್ಯ ಮತ್ತು ಉದ್ಯಮ

ಸಾವಂತವಾಡಿಯ ಸೆರಗಿಗೆ ತಾಗಿಕೊಂಡ ಪೆಡಣೆಯಲ್ಲಿ ೧೯೧೧ರ ಮಾರ್ಚ್ ೧೨ರಂದು ದಯಾನಂದರು ಜನಿಸಿದರು. ಗೋಮಂತಕ ಮರಾಠಾ ಸಮಾಜಕ್ಕೆ ಸೇರಿದ ಕುಟುಂಬ ಅವರದು. ದೇವಸ್ಥಾನದ ಸೇವೆಗೂ ಸಂಗೀತಕ್ಕೂ ಹೆಸರಾಗಿದ್ದ ಈ ಸಮುದಾಯವನ್ನು ಅಂದಿನ ಮೇಲ್ವರ್ಗದವರು ತಮ್ಮ ಸರಿಸಮಕ್ಕೆ ಕೂರಿಸಿಕೊಳ್ಳುತ್ತಿರಲಿಲ್ಲ. ಅವರು ಹುಟ್ಟುವ ಕೆಲವೇ ತಿಂಗಳ ಹಿಂದೆ, ೧೯೧೦ರ ಅಕ್ಟೋಬರಿನಲ್ಲಿ, ಪೋರ್ಚುಗಲ್ ದೇಶದಲ್ಲಿ ಅರಸೊತ್ತಿಗೆ ಅಳಿದು ಗಣರಾಜ್ಯ ಸ್ಥಾಪನೆಯಾಗಿತ್ತು. ಅದರಿಂದ ಗೋವೆಯ ಹಿಂದೂಗಳಿಗೂ ಕಾಗದದ ಮೇಲಾದರೂ ಸಮಾನ ಹಕ್ಕು ಬಂತು. ಆದರೆ ಸಾಲಜಾರನ ಸರ್ವಾಧಿಕಾರ ಬಂದ ಮೇಲೆ ಮಾತನಾಡುವ ಸ್ವಾತಂತ್ರ್ಯ ಯಾರಿಗೂ ಉಳಿಯಲಿಲ್ಲ.

ಪೂರ್ವದ ತಾಲೂಕುಗಳ ಮಣ್ಣಿನಲ್ಲಿ ಕಬ್ಬಿಣದ ಅದಿರು ಹೇರಳವಾಗಿತ್ತು. ಬಾಂದೋಡ್ಕರರು ಗಣಿ ಉದ್ಯಮಕ್ಕೆ ಕೈ ಹಾಕಿ ತಮ್ಮ ದುಡಿಮೆಯಿಂದ ಶ್ರೀಮಂತರಾದರು. ಇಲ್ಲಿಯೂ ಗೋವೆಯ ಆಕಾರವೇ ಅವರ ನೆರವಿಗೆ ಬಂತೆನ್ನಬೇಕು. ಗಣಿ ಬೆಟ್ಟದ ಬುಡದಲ್ಲಿ, ಬಂದರು ಮುರಗಾಂವದಲ್ಲಿ, ನಡುವೆ ದೋಣಿ ಸಾಗುವ ಮಾಂಡವಿ ಮತ್ತು ಜುವಾರಿ. ಅದಿರನ್ನು ದೋಣಿಗೆ ತುಂಬಿದರೆ ನದಿಯೇ ಹಡಗಿನವರೆಗೆ ಹೊತ್ತು ತರುತ್ತಿತ್ತು. ಗಳಿಸಿದ ಹಣವನ್ನು ಅವರು ಪೆಟ್ಟಿಗೆಯಲ್ಲಿ ಮುಚ್ಚಿಡಲಿಲ್ಲ. ಬಡ ವಿದ್ಯಾರ್ಥಿಗಳಿಗೆ, ಶಾಲೆಗಳಿಗೆ, ದೇವಸ್ಥಾನಗಳಿಗೆ ಕೈತುಂಬ ಕೊಟ್ಟರು. ರಾಜಕೀಯಕ್ಕೆ ಬರುವ ಮೊದಲೇ ಅವರು ದಾನಿಯೆಂದು ಮನೆಮಾತಾಗಿದ್ದರು.

ಮುಚ್ಚಿದ ಗಡಿ

೧೯೪೬ರ ಜೂನ್ ೧೮ರಂದು ಡಾ. ರಾಮಮನೋಹರ ಲೋಹಿಯಾ ಅವರು ಮಡಗಾಂವದಲ್ಲಿ ಪೌರಹಕ್ಕುಗಳ ಚಳವಳಿಗೆ ಚಾಲನೆ ಕೊಟ್ಟರು. ೧೯೪೭ರಲ್ಲಿ ಬ್ರಿಟಿಷರು ಹೋದರು. ಪೋರ್ತುಗೀಜರು ಹೋಗಲಿಲ್ಲ. ೧೯೫೫ರ ಆಗಸ್ಟ್ ೧೫ರಂದು ಗಡಿ ದಾಟಿ ಬಂದ ನಿರಾಯುಧ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿತು. ಇಪ್ಪತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಭಾರತ ಸರ್ಕಾರ ಗಡಿಯನ್ನು ಮುಚ್ಚಿತು. ಕ್ಯಾಸಲ್‌ರಾಕಿನಿಂದ ಮುರಗಾಂವಕ್ಕೆ ಇಳಿಯುತ್ತಿದ್ದ ರೈಲು ನಿಂತಿತು. ಕಾರವಾರ, ಖಾನಾಪುರ, ಜೋಯಿಡಾ ಕಡೆಯ ಹಳ್ಳಿಗಳಿಗೂ ಗೋವೆಯ ಹಳ್ಳಿಗಳಿಗೂ ಇದ್ದ ಕೊಡುಕೊಳ್ಳುವಿಕೆ ಕಡಿಯಿತು. ನೂರಾರು ವರ್ಷ ಒಂದೇ ಜಾತ್ರೆಯಲ್ಲಿ ಕೂಡುತ್ತಿದ್ದ ಬಂಧುಗಳ ನಡುವೆ ಪೋಲೀಸರ ಬಂದೂಕು ನಿಂತಿತು. ಗಡಿಯೆಂಬುದು ಕಾಗದದ ಮೇಲಿನ ಗೆರೆಯಷ್ಟೇ ಅಲ್ಲವೆಂಬುದು ಆ ಆರು ವರ್ಷ ಅಲ್ಲಿಯ ಜನರಿಗೆ ದಿನದಿನವೂ ಅನುಭವಕ್ಕೆ ಬಂತು.

ಕೊನೆಗೆ ಕಿಡಿ ಹಾರಿದ್ದೂ ಗಡಿಯ ಒಂದು ವಿಚಿತ್ರದಿಂದಲೇ. ೧೯೬೧ರ ನವೆಂಬರಿನಲ್ಲಿ ಅಂಜದೀವದ ಪೋರ್ತುಗೀಜ್ ಕಾವಲು ಪಡೆ ಭಾರತದ ಹಡಗಿನ ಮೇಲೂ ಮೀನುಗಾರರ ಮೇಲೂ ಗುಂಡು ಹಾರಿಸಿತು. ಬೆಳಗಾವಿಯಲ್ಲಿ ಸೈನ್ಯ ಜಮಾಯಿಸಿತು. ಡಿಸೆಂಬರ್ ೧೮ರಂದು ಒಳನುಗ್ಗಿದ ಸೈನ್ಯಕ್ಕೆ ಮರುದಿನವೇ ಪೋರ್ತುಗೀಜರು ಶರಣಾದರು. ೪೫೧ ವರ್ಷಗಳ ಪರರಾಜ್ಯ ಎರಡು ದಿನದೊಳಗೆ ಮುಗಿಯಿತು.

ಮುಖ್ಯಮಂತ್ರಿ ಪದವಿ

ಪರಕೀಯರು ಹೋದರು. ಅವರು ಬರೆದ ಗೆರೆ ಮಾತ್ರ ಉಳಿಯಿತು. ಗೋವೆ, ದಮನ್ ಮತ್ತು ದೀವ್ ಸೇರಿ ಒಂದು ಕೇಂದ್ರಾಡಳಿತ ಪ್ರದೇಶವಾಯಿತು. ಈ ಗೆರೆ ಇನ್ನು ಯಾಕೆ ಬೇಕು ಎಂಬ ಪ್ರಶ್ನೆ ಕೂಡಲೇ ಎದ್ದಿತು. ೧೯೫೬ರಲ್ಲಿ ದೇಶದ ರಾಜ್ಯಗಳನ್ನು ಭಾಷೆಯ ಆಧಾರದ ಮೇಲೆ ವಿಂಗಡಿಸಲಾಗಿತ್ತು. ಹರಿದು ಹಂಚಿಹೋಗಿದ್ದ ಕನ್ನಡ ನಾಡು ಒಂದಾದದ್ದೂ ಆಗಲೇ. ೧೯೬೦ರಲ್ಲಿ ಮಹಾರಾಷ್ಟ್ರ ರಾಜ್ಯ ಉದಯಿಸಿತ್ತು. ಗೋವೆಯ ಹಿಂದೂಗಳು ಬಹುಕಾಲದಿಂದ ಮರಾಠಿಯಲ್ಲಿ ಓದುತ್ತ, ಭಜನೆ ಹಾಡುತ್ತ, ನಾಟಕ ಆಡುತ್ತ ಬಂದಿದ್ದರು. ಹಾಗಾದರೆ ಗೋವೆ ಮಹಾರಾಷ್ಟ್ರದಲ್ಲಿ ವಿಲೀನವಾಗುವುದೇ ನ್ಯಾಯವೆಂದು ಅನೇಕರು ವಾದಿಸಿದರು. ಆ ವಾದಕ್ಕೆ ಮುಂದಾಳಾದವರು ಬಾಂದೋಡ್ಕರರು. ಮಹಾರಾಷ್ಟ್ರವಾದಿ ಗೋಮಂತಕ ಪಕ್ಷ ಅವರ ನಾಯಕತ್ವದಲ್ಲಿ ಹುಟ್ಟಿತು. ಎದುರು ಪಕ್ಷ ಡಾ. ಜ್ಯಾಕ್ ಡಿ ಸಿಕ್ವೇರಾ ಅವರ ಯುನೈಟೆಡ್ ಗೋವನ್ಸ್ ಪಾರ್ಟಿ. ಗೋವೆಗೆ ತನ್ನದೇ ಚಹರೆಯಿದೆ, ಅದು ಬೇರೆಯಾಗಿಯೇ ಉಳಿಯಬೇಕೆಂಬುದು ಅದರ ನಿಲವು.

೧೯೬೩ರ ಡಿಸೆಂಬರ್ ೯ರಂದು ಗೋವೆಯ ಜನ ಮೊದಲ ಬಾರಿಗೆ ತಮ್ಮ ವಿಧಾನಸಭೆಗೆ ಮತ ಹಾಕಿದರು. ದೇಶವನ್ನಾಳುತ್ತಿದ್ದ ಕಾಂಗ್ರೆಸ್ಸಿಗೆ ಗೋವೆಯ ೨೮ ಸ್ಥಾನಗಳಲ್ಲಿ ಒಂದೂ ದಕ್ಕಲಿಲ್ಲ. ಡಿಸೆಂಬರ್ ೨೦ರಂದು ಬಾಂದೋಡ್ಕರರು ಮುಖ್ಯಮಂತ್ರಿಗಳಾದರು. ಭೂಮಾಲೀಕರೂ ಪಟ್ಟಣದ ಓದಿದ ಮನೆತನಗಳೂ ನಡೆಸಿಕೊಂಡು ಬಂದಿದ್ದ ಸಾರ್ವಜನಿಕ ಜೀವನದಲ್ಲಿ, ಗೇಣಿದಾರರು, ಕೂಲಿಗಳು, ಹಿಂದುಳಿದ ಜಾತಿಗಳವರು ತಮ್ಮವನೊಬ್ಬನನ್ನು ಮೇಲಿನ ಪೀಠದಲ್ಲಿ ಕಂಡದ್ದು ಅದೇ ಮೊದಲು.

ವಿಲೀನವೋ, ಬೇರೆಯೋ?

ಎರಡೂ ಪಕ್ಷಗಳ ಮಾತಿನಲ್ಲಿ ಹುರುಳಿತ್ತು. ಆದುದರಿಂದ ವಿದ್ಯಾರ್ಥಿಗಳು ಇಬ್ಬರ ಮಾತನ್ನೂ ಕೇಳಬೇಕು.

ವಿಲೀನ ಬೇಕೆಂದವರ ವಾದ ಹೀಗಿತ್ತು: ಗೋವೆಯ ವಿಸ್ತೀರ್ಣ ೩,೭೦೨ ಚದರ ಕಿಲೋಮೀಟರ್. ನಮ್ಮ ವಿಜಯಪುರ ಜಿಲ್ಲೆಯ ಸುಮಾರು ಮೂರನೇ ಒಂದು ಪಾಲು. ಇಷ್ಟು ಪುಟ್ಟ ನಾಡು ತನ್ನ ಕಾಲ ಮೇಲೆ ನಿಲ್ಲುವುದು ಹೇಗೆ? ಗಡಿಯಾಚೆಯ ಸಾವಂತವಾಡಿಯವರಿಗೂ ಪೆಡಣೆಯವರಿಗೂ ದೇವರು ಒಂದೇ, ಹಬ್ಬ ಒಂದೇ. ಪೋರ್ತುಗೀಜರು ೧೭೮೮ರಲ್ಲಿ ಎಳೆದ ಗೆರೆಯನ್ನು ನಾವು ಯಾಕೆ ಪೂಜಿಸಬೇಕು? ದೊಡ್ಡ ರಾಜ್ಯದೊಡನೆ ಸೇರಿದರೆ ಗೇಣಿದಾರನಿಗೆ ಭೂಮಿಯ ಹಕ್ಕು ಬೇಗ ಸಿಕ್ಕೀತು.

ಬೇರೆಯಾಗಿರಬೇಕೆಂದವರ ವಾದ: ಮಹಾರಾಷ್ಟ್ರದ ವಿಸ್ತೀರ್ಣದ ಎದುರು ಗೋವೆ ಸುಮಾರು ೮೩ರಲ್ಲಿ ಒಂದು ಪಾಲು. ಸೇರಿದರೆ ಅದೊಂದು ಮೂಲೆಯ ಜಿಲ್ಲೆಯಾಗಿ, ಪಣಜಿಯಲ್ಲಿ ಆಗುವ ತೀರ್ಮಾನಕ್ಕೆ ಮುಂಬಯಿಗೆ ಅಲೆಯಬೇಕಾದೀತು. ಮನೆಯ ಮಾತು ಕೊಂಕಣಿ. ಅದು ಮರಾಠಿಯ ಉಪಭಾಷೆಯೆಂದು ತಳ್ಳಿಹಾಕಿದರೆ ಮುಂದೆ ಅದನ್ನು ಕೇಳುವವರಿಲ್ಲ. ನಾಲ್ಕೂವರೆ ಶತಮಾನ ಬೇರೆ ಕಾನೂನು, ಬೇರೆ ಆಡಳಿತದಲ್ಲಿ ಬಾಳಿದ ಜನರ ರೀತಿನೀತಿ ಬೇರೆಯಾಗಿಬಿಟ್ಟಿದೆ. ಈ ಕೊನೆಯ ಮಾತಿಗೆ ಇಂದಿಗೂ ಒಂದು ಸಾಕ್ಷಿಯುಂಟು. ೧೮೬೭ರ ಪೋರ್ತುಗೀಜ್ ನಾಗರಿಕ ಸಂಹಿತೆಯ ಕುಟುಂಬ ಕಾನೂನು ಗೋವೆಯ ಎಲ್ಲ ಮತದವರಿಗೂ ಬಹುಮಟ್ಟಿಗೆ ಒಂದೇ ಆಗಿ ಈಗಲೂ ನಡೆಯುತ್ತಿದೆ. ಗಡಿಯ ಆಚೆ ಬೆಳಗಾವಿಯಲ್ಲಾಗಲಿ ಸಾವಂತವಾಡಿಯಲ್ಲಾಗಲಿ ಆ ಕಾನೂನಿಲ್ಲ.

೧೯೬೫ರ ಜನವರಿಯಲ್ಲಿ ಗೋವೆಯ ವಿಧಾನಸಭೆ ವಿಲೀನದ ಠರಾವನ್ನು ಅಂಗೀಕರಿಸಿತು. ಮಾರ್ಚಿನಲ್ಲಿ ಮಹಾರಾಷ್ಟ್ರದ ಶಾಸನಸಭೆಯೂ ಅದನ್ನೇ ಕೇಳಿತು. ನಮ್ಮ ಮೈಸೂರು ರಾಜ್ಯದ ವಿಧಾನಸಭೆ ವಿರೋಧಿಸಿತು. ಗಡಿ ಎರಡು ಮನೆಗಳ ನಡುವಣ ಬೇಲಿಯಾದರೂ ಮೂರನೆಯ ಮನೆಯವರಿಗೂ ಅದರ ಚಿಂತೆ ತಪ್ಪದು! ಒಂದು ವಿಧಾನಸಭೆಯ ಬಹುಮತದಿಂದ ಇಷ್ಟು ದೊಡ್ಡ ವಿಷಯ ತೀರ್ಮಾನವಾಗಬಾರದು, ಪ್ರತಿಯೊಬ್ಬ ಮತದಾರನನ್ನೂ ನೇರವಾಗಿ ಕೇಳಬೇಕೆಂದು ಡಾ. ಸಿಕ್ವೇರಾ ಮತ್ತು ಇತರರು ಹಟ ಹಿಡಿದರು. ಗೋವೆಯ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಪುರುಷೋತ್ತಮ ಕಾಕೋಡ್ಕರ್ ಅವರೂ ದೆಹಲಿಯಲ್ಲಿ ಇದಕ್ಕಾಗಿ ಶ್ರಮಿಸಿದರು. ೧೯೬೬ರ ಡಿಸೆಂಬರಿನಲ್ಲಿ ಸಂಸತ್ತು ಜನಮತಗಣನೆಯ ಕಾನೂನನ್ನು ಮಾಡಿತು. ಸ್ವತಂತ್ರ ಭಾರತದಲ್ಲಿ ಸಂಸತ್ತಿನ ಕಾನೂನಿನಂತೆ ಇಂಥ ವಿಷಯಕ್ಕೆ ಜನಮತ ಕೇಳಿದ್ದು ಇದೊಂದೇ ಸಲ.

ಅಧಿಕಾರದಲ್ಲಿರುವ ಪಕ್ಷವೇ ಮತಗಣನೆಯನ್ನು ನಡೆಸಿದರೆ ನ್ಯಾಯವಾಗದೆಂಬ ಆಕ್ಷೇಪಣೆ ಬಂದಾಗ, ಬಾಂದೋಡ್ಕರರ ಮಂತ್ರಿಮಂಡಲ ಆ ಡಿಸೆಂಬರಿನಲ್ಲೇ ರಾಜೀನಾಮೆ ಕೊಟ್ಟಿತು. ಗೆಲ್ಲುವೆನೆಂಬ ನಂಬಿಕೆ ಅವರಿಗಿತ್ತು. ಆದರೂ ಅಧಿಕಾರದ ಕುರ್ಚಿಯನ್ನು ಬಿಟ್ಟು ಕಣಕ್ಕಿಳಿದದ್ದು ಸಣ್ಣ ಮಾತಲ್ಲ.

೧೯೬೭ರ ಜನವರಿ ೧೬

ಓದು ಬಾರದವರಿಗೂ ತಿಳಿಯುವಂತೆ ಎರಡು ಗುರುತುಗಳನ್ನು ಇಟ್ಟಿದ್ದರು. ವಿಲೀನಕ್ಕೆ ಹೂವು, ಬೇರೆಯಾಗಿರಲು ಎರಡು ಎಲೆ. ಹಳ್ಳಿಹಳ್ಳಿಗಳಲ್ಲಿ ಸಭೆ, ಹಾಡು, ಮೆರವಣಿಗೆ. ಒಂದೇ ಮನೆಯಲ್ಲಿ ಅಣ್ಣ ಹೂವಿನ ಕಡೆ, ತಮ್ಮ ಎಲೆಯ ಕಡೆ. ರಾಷ್ಟ್ರಮತ ಎಂಬ ಪತ್ರಿಕೆ ಮರಾಠಿಯಲ್ಲೇ ಬರೆದು ಮಹಾರಾಷ್ಟ್ರದೊಡನೆ ವಿಲೀನ ಬೇಡವೆಂದು ಪ್ರಚಾರ ಮಾಡಿತು. ಭಾಷೆ ಬೇರೆ, ನಾಡಿನ ನಿಷ್ಠೆ ಬೇರೆ ಆಗಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಮತದಾರರಲ್ಲಿ ನೂರಕ್ಕೆ ೮೧ಕ್ಕೂ ಹೆಚ್ಚು ಮಂದಿ ಬಂದು ಮತ ಹಾಕಿದರು. ಎರಡು ಎಲೆಗೆ ೧,೭೨,೧೯೧ ಮತ. ಹೂವಿಗೆ ೧,೩೮,೧೭೦ ಮತ. ೩೪,೦೨೧ ಮತಗಳ ಅಂತರದಿಂದ ವಿಲೀನ ತಿರಸ್ಕೃತವಾಯಿತು. ತಾಲೂಕುವಾರು ಲೆಕ್ಕ ನೋಡಿದರೆ ನಾವು ಮೊದಲೇ ಹೇಳಿದ ಆ ಒಳಗಿನ ಗೆರೆ ಎದ್ದು ಕಂಡಿತು. ಹಳೆಯ ಗೆಲವಿನ ಸೀಮೆ ಬಹುಪಾಲು ಎಲೆಯ ಕಡೆ, ಹೊಸ ಗೆಲವಿನ ಸೀಮೆ ಬಹುಪಾಲು ಹೂವಿನ ಕಡೆ. ಹದಿನೆಂಟನೆಯ ಶತಮಾನದ ಗಡಿ ಇಪ್ಪತ್ತನೆಯ ಶತಮಾನದ ಮತಪತ್ರದಲ್ಲಿ ಮರುಹುಟ್ಟು ಪಡೆದಿತ್ತು. ಕಲ್ಲು ಕಿತ್ತರೂ ಗಡಿ ಜನರ ಮನಸ್ಸಿನಲ್ಲಿ ಎಷ್ಟು ಕಾಲ ಉಳಿಯುವುದೆಂದು ಇದರಿಂದ ಅರಿಯಬಹುದು.

ಸೋಲಿನ ಮರುದಿನ

ಸೋತವನು ಮರುದಿನ ಏನು ಮಾಡುತ್ತಾನೆಂಬುದರಿಂದ ಅವನ ಅಳತೆ ತಿಳಿಯುತ್ತದೆ. ಬಾಂದೋಡ್ಕರರು ಪಕ್ಷ ಕಟ್ಟಿದ್ದೇ ವಿಲೀನಕ್ಕಾಗಿ. ಆ ಪಕ್ಷದ ಹೆಸರಿನಲ್ಲೇ ಮಹಾರಾಷ್ಟ್ರವಿತ್ತು. ಅವರ ಜೀವನದ ಗುರಿಯನ್ನೇ ಜನ ನಿರಾಕರಿಸಿದ್ದರು. ಇಂಥ ಹೊತ್ತಿನಲ್ಲಿ ಜಗತ್ತಿನ ಎಷ್ಟೋ ನಾಯಕರು ಫಲಿತಾಂಶವೇ ಸುಳ್ಳೆಂದು ಕೂಗಿ, ಜನರನ್ನು ಬೀದಿಗಿಳಿಸಿ, ರಕ್ತದ ಕೋಡಿ ಹರಿಸಿದ್ದಾರೆ. ಬಾಂದೋಡ್ಕರರು ಎರಡೇ ತಿಂಗಳಲ್ಲಿ ಅದೇ ಜನರ ಮುಂದೆ ಮತ್ತೆ ಮತ ಕೇಳಲು ನಿಂತರು. ಮಾರ್ಚಿನ ಚುನಾವಣೆಯಲ್ಲಿ ಅವರ ಪಕ್ಷವೇ ಗೆದ್ದಿತು. ಏಪ್ರಿಲಿನಲ್ಲಿ ಅವರು ಪುನಃ ಮುಖ್ಯಮಂತ್ರಿಗಳಾದರು. ನಿಮ್ಮ ವಿಚಾರ ನಮಗೆ ಬೇಡ, ನೀವು ಮಾತ್ರ ಬೇಕು ಎಂಬಂತಿತ್ತು ಆ ತೀರ್ಪು. ಜನರ ವಿವೇಕಕ್ಕೆ ನಾವು ತಲೆಬಾಗಲೇಬೇಕು.

ಅಲ್ಲಿಂದ ಮುಂದೆ, ತಾವು ಬೇಡವೆಂದಿದ್ದ ಗಡಿಯೊಳಗೇ ಅವರು ದುಡಿದರು. ಪೋರ್ತುಗೀಜರ ಕಾಲದಲ್ಲಿ ಸರ್ಕಾರಿ ಶಿಕ್ಷಣವೆಂದರೆ ಪೋರ್ತುಗೀಜ್ ಭಾಷೆಯ ಶಿಕ್ಷಣ. ಹಳ್ಳಿಯ ಬಡವನ ಮಗುವಿಗೆ ಅದು ನಿಲುಕದ ಹಣ್ಣು. ಬಾಂದೋಡ್ಕರರ ಸರ್ಕಾರ ಗುಡ್ಡಗಾಡಿನ ಊರುಗಳಿಗೂ ಪ್ರಾಥಮಿಕ ಶಾಲೆಗಳನ್ನು ಕೊಂಡೊಯ್ದಿತು. ಬಹುಪಾಲು ಶಾಲೆಗಳು ಮರಾಠಿಯವು. ಕೊಂಕಣಿಗೆ ಅಲ್ಲಿ ಎಡೆ ದೊರೆಯಲಿಲ್ಲವೆಂಬ ಕೊರಗು ಆಗಲೂ ಇತ್ತು, ಆಮೇಲೂ ಉಳಿಯಿತು. ಅದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ಅಕ್ಷರ ಕಾಣದ ಮನೆಗಳಿಗೆ ಅಕ್ಷರ ಬಂದದ್ದು ಆ ಶಾಲೆಗಳಿಂದಲೇ. ಗೇಣಿದಾರರನ್ನು ಒಡೆಯನು ಮನಸ್ಸು ಬಂದಂತೆ ಹೊರಗೆ ಹಾಕದಂತೆ ತಡೆಯುವ ಕೃಷಿ ಗೇಣಿ ಕಾನೂನು ಅವರ ಮೊದಲ ಅವಧಿಯಲ್ಲೇ, ೧೯೬೪ರಲ್ಲಿ, ಬಂದಿತ್ತು. ೧೯೭೦ರಲ್ಲಿ ಕಲಾ ಅಕಾಡೆಮಿ ಸ್ಥಾಪನೆಯಾಯಿತು. ಆಟೋಟಗಳಲ್ಲಿ ಅವರಿಗೆ ವಿಶೇಷ ಆಸಕ್ತಿ. ಅವರ ಹೆಸರಿನ ಚಿನ್ನದ ಬಟ್ಟಲಿಗಾಗಿ ನಡೆದ ಫುಟ್‌ಬಾಲ್ ಪಂದ್ಯಾವಳಿ ದೇಶದಲ್ಲೆಲ್ಲ ಹೆಸರು ಪಡೆಯಿತು.

ಚಿಕ್ಕ ನಾಡಿನ ಆಡಳಿತಕ್ಕೆ ಒಂದು ಅನುಕೂಲವುಂಟು. ಆ ಕಾಲದಲ್ಲಿ ಗೋವೆಯ ಒಂದೊಂದು ಕ್ಷೇತ್ರದಲ್ಲಿ ಇದ್ದದ್ದು ಸುಮಾರು ೧೩-೧೪ ಸಾವಿರ ಮತದಾರರು. ಬೆಳಿಗ್ಗೆ ಹೊರಟ ರೈತ ಮಧ್ಯಾಹ್ನಕ್ಕೆ ಪಣಜಿ ಸೇರಿ ತನ್ನ ಅಹವಾಲನ್ನು ಹೇಳಿಕೊಂಡು ರಾತ್ರಿ ಊಟಕ್ಕೆ ಮನೆಗೆ ಮರಳಬಹುದಿತ್ತು. ಭಾವುಸಾಹೇಬರ ಜನಪ್ರಿಯತೆಗೆ ಅವರ ಗುಣದಷ್ಟೇ ಈ ಸಾಮೀಪ್ಯವೂ ಕಾರಣ. ಯಾವ ಗಡಿಯನ್ನು ಅವರು ಅಳಿಸಬಯಸಿದ್ದರೋ ಅದೇ ಗಡಿ ಅವರನ್ನು ಜನರ ಹತ್ತಿರಕ್ಕೆ ತಂದಿತ್ತು.

ಇನ್ನೊಂದು ಸಂಗತಿ ನಮಗೆ ಬಹಳ ದೊಡ್ಡದಾಗಿ ಕಾಣುತ್ತದೆ. ೧೯೭೧ರಲ್ಲಿ, ಬಾಂದೋಡ್ಕರರೇ ಮುಖ್ಯಮಂತ್ರಿಗಳಾಗಿದ್ದಾಗ, ಗೋವೆಗೆ ಪೂರ್ಣ ರಾಜ್ಯದ ಸ್ಥಾನ ಕೊಡಬೇಕೆಂದು ವಿಧಾನಸಭೆ ಕೇಂದ್ರವನ್ನು ಕೇಳಿತು. ಆರು ವರ್ಷಗಳ ಹಿಂದೆ ಇದೇ ಮುಖ್ಯಮಂತ್ರಿಗಳ ಕಾಲದಲ್ಲಿ ಇದೇ ಸಭೆ ಗೋವೆಯನ್ನು ಬೇರೊಂದು ರಾಜ್ಯಕ್ಕೆ ಸೇರಿಸಿರೆಂದು ಕೇಳಿತ್ತು. ಜನರ ತೀರ್ಪನ್ನು ಬಾಯಿಮಾತಿನಲ್ಲಿ ಒಪ್ಪುವುದು ಬೇರೆ, ಕೃತಿಯಲ್ಲಿ ಒಪ್ಪುವುದು ಬೇರೆ.

ಬೇರೆ ಕಡೆಗಳಲ್ಲಿ

ಇಂಥ ಪ್ರಶ್ನೆಗಳು ಗೋವೆಗೆ ಮಾತ್ರ ಬಂದವಲ್ಲ. ಫ್ರಾನ್ಸ್ ಮತ್ತು ಜರ್ಮನಿಗಳ ನಡುವಣ ಸಾರ್ ಎಂಬ ಕಲ್ಲಿದ್ದಲಿನ ಪ್ರಾಂತಕ್ಕಾಗಿ ಆ ಎರಡು ದೇಶಗಳು ಬಹುಕಾಲ ಸೆಣಸಿದ್ದವು. ೧೯೫೫ರಲ್ಲಿ ಅಲ್ಲಿಯ ಜನರನ್ನು ಕೇಳಲಾಯಿತು. ಬೇರೆಯಾಗಿರುವ ಯೋಜನೆಯನ್ನು ಅವರು ಒಪ್ಪಲಿಲ್ಲ. ೧೯೫೭ರಲ್ಲಿ ಆ ಪ್ರಾಂತ ಪಶ್ಚಿಮ ಜರ್ಮನಿಗೆ ಸೇರಿತು. ಗೋವೆಯ ಉತ್ತರಕ್ಕೆ ವಿರುದ್ಧವಾದ ಉತ್ತರ. ಕೇಳಿದ ರೀತಿ ಮಾತ್ರ ಒಂದೇ. ಆಫ್ರಿಕದ ಗ್ಯಾಂಬಿಯಾ ದೇಶವಂತೂ ಒಂದು ನದಿಯ ಎರಡು ದಂಡೆಗಳಷ್ಟೇ. ಅತಿ ಅಗಲವಾದ ಕಡೆಯಲ್ಲೂ ಸುಮಾರು ೫೦ ಕಿಲೋಮೀಟರ್. ಕಡಲ ಕಡೆಯೊಂದನ್ನು ಬಿಟ್ಟು ಸುತ್ತಲೂ ಸೆನೆಗಲ್ ದೇಶ. ಒಂದನ್ನು ಇಂಗ್ಲಿಷರು, ಇನ್ನೊಂದನ್ನು ಫ್ರೆಂಚರು ಆಳಿದರು. ಜನ ಒಂದೇ ಬುಡಕಟ್ಟುಗಳವರಾದರೂ ೧೯೮೨ರಲ್ಲಿ ಮಾಡಿಕೊಂಡ ಒಕ್ಕೂಟ ೧೯೮೯ರಲ್ಲಿ ಮುರಿಯಿತು. ಪರರು ಎಳೆದ ಗೆರೆಯೂ ಕಾಲಾನಂತರ ನಮ್ಮದೇ ಆಗಿಬಿಡುತ್ತದೆ.

ನಮ್ಮ ಹತ್ತಿರದ್ದೇ ನೋಡೋಣ. ಗೋವೆಯಲ್ಲಿ ಹೂವು-ಎಲೆಗಳ ಪ್ರಚಾರ ನಡೆಯುತ್ತಿದ್ದ ದಿನಗಳಲ್ಲೇ ಬೆಳಗಾವಿಯ ಪ್ರಶ್ನೆಯನ್ನು ಮಹಾಜನ ಆಯೋಗ ವಿಚಾರಿಸುತ್ತಿತ್ತು. ೧೯೬೭ರಲ್ಲೇ ಅದರ ವರದಿ ಬಂತು. ವರದಿಯನ್ನು ಮಹಾರಾಷ್ಟ್ರ ಒಪ್ಪಲಿಲ್ಲ. ೨೦೦೪ರಲ್ಲಿ ಅದು ಸುಪ್ರೀಂ ಕೋರ್ಟಿಗೆ ಹೋಯಿತು. ಗೋವೆಗೂ ಕರ್ನಾಟಕಕ್ಕೂ ಇನ್ನೊಂದು ವ್ಯಾಜ್ಯ. ಖಾನಾಪುರದ ಕಾಡಿನಲ್ಲಿ ಮಹದಾಯಿಯಾಗಿ ಹುಟ್ಟಿದ ಹೊಳೆಯೇ ಗೋವೆಯಲ್ಲಿ ಮಾಂಡವಿ. ಆ ಕಡೆ ಹುಬ್ಬಳ್ಳಿ-ಧಾರವಾಡದ ಜನರ ಬಾಯಾರಿಕೆ, ಈ ಕಡೆ ಗೋವೆಯ ಗದ್ದೆ, ಮೀನು, ಕಾಡುಗಳ ಚಿಂತೆ. ೨೦೧೮ರ ಆಗಸ್ಟ್ ೧೪ರಂದು ನ್ಯಾಯಾಧಿಕರಣ ಕರ್ನಾಟಕಕ್ಕೆ ೧೩.೪೨, ಗೋವೆಗೆ ೨೪, ಮಹಾರಾಷ್ಟ್ರಕ್ಕೆ ೧.೩೩ ಟಿ.ಎಂ.ಸಿ. ನೀರನ್ನು ಹಂಚಿತು. ಮೂರೂ ರಾಜ್ಯಗಳು ತೃಪ್ತಿಯಾಗದೆ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದವು. ನೀರಿಗೆ ಗಡಿ ತಿಳಿಯದು. ಗಡಿಯ ಎರಡೂ ಕಡೆ ಬಂಧುಗಳಿರುವ ನಮ್ಮ ಪೋಷಕರಿಗೆ ಎರಡೂ ಕಡೆಯ ಕಷ್ಟ ತಿಳಿಯುತ್ತದೆ. ಆದುದರಿಂದ ಇಂಥ ವಿಷಯಗಳಲ್ಲಿ ನಮ್ಮ ಮಕ್ಕಳು ತಂಟೆಗಿಳಿಯದೆ, ತಿಳಿದು ಮಾತನಾಡುವವರಾಗಬೇಕು.

ಕೊನೆಯ ದಿನಗಳು

೧೯೭೨ರ ಚುನಾವಣೆಯಲ್ಲಿ ಮೂರನೆಯ ಬಾರಿಗೆ ಬಾಂದೋಡ್ಕರರ ಪಕ್ಷ ಗೆದ್ದಿತು. ಮರುವರ್ಷ, ೧೯೭೩ರ ಆಗಸ್ಟ್ ೧೨ರಂದು, ಅಧಿಕಾರದಲ್ಲಿದ್ದಾಗಲೇ ಹೃದಯಾಘಾತದಿಂದ ಅವರು ನಿಧನರಾದರು. ಆಗ ಅವರಿಗೆ ೬೨ ವರ್ಷ. ಪಣಜಿಯ ಮಿರಾಮಾರ್ ಕಡಲದಂಡೆಯಲ್ಲಿ ಅವರ ಸಮಾಧಿಯಿದೆ. ಪ್ರವಾಸ ಹೋದಾಗ ನಮ್ಮ ವಿದ್ಯಾರ್ಥಿಗಳು ಮರಳಿನಲ್ಲಿ ಆಡಿ ಬರುವುದರ ಜೊತೆಗೆ ಅಲ್ಲಿಯೂ ಒಂದು ಗಳಿಗೆ ನಿಂತು ಬರಲಿ. ಅವರ ಮಗಳು ಶಶಿಕಲಾ ಕಾಕೋಡ್ಕರ್ ಅವರು ತಂದೆಯ ಸ್ಥಾನಕ್ಕೆ ಬಂದು ಗೋವೆಯ ಮೊದಲ ಮಹಿಳಾ ಮುಖ್ಯಮಂತ್ರಿಗಳಾಗಿ ೧೯೭೯ರವರೆಗೆ ಆಳಿದರು. ಅವರ ಕಾಲದಲ್ಲಿ, ೧೯೭೬ರಲ್ಲಿ, ವಿಧಾನಸಭೆ ರಾಜ್ಯದ ಸ್ಥಾನವನ್ನು ಸರ್ವ ಸಮ್ಮತಿಯಿಂದ ಮತ್ತೆ ಕೇಳಿತು. ೧೯೮೭ರಲ್ಲಿ ಕೊಂಕಣಿ ಗೋವೆಯ ರಾಜಭಾಷೆಯಾಯಿತು. ಅದೇ ವರ್ಷದ ಮೇ ೩೦ರಂದು ಗೋವೆ ಭಾರತದ ೨೫ನೆಯ ರಾಜ್ಯವಾಯಿತು. ದೂರದ ದಮನ್ ಮತ್ತು ದೀವ್ ಅಂದು ಗೋವೆಯಿಂದ ಬೇರೆಯಾದವು. ಜನವರಿ ೧೬ನ್ನು ಗೋವೆಯ ಜನ ಅಸ್ಮಿತೆಯ ದಿನವಾಗಿ ಆಚರಿಸುತ್ತಾರೆ. ಅದು ಭಾವುಸಾಹೇಬರು ಸೋತ ದಿನ. ಆದರೂ ಭಾವುಸಾಹೇಬರನ್ನು ಎಲೆಗೆ ಮತ ಹಾಕಿದವರ ಮೊಮ್ಮಕ್ಕಳೂ ಗೌರವದಿಂದಲೇ ನೆನೆಯುತ್ತಾರೆ.

ವಿದ್ಯಾರ್ಥಿಗಳೇ, ಅಂದು ಹೂವಿಗೆ ಮತ ಹಾಕಿದ ೧,೩೮,೧೭೦ ಜನರನ್ನು ಯಾರೂ ಗಡಿಯಾಚೆಗೆ ಅಟ್ಟಲಿಲ್ಲ. ಅವರು ಅದೇ ಊರಿನಲ್ಲಿ, ಅದೇ ಬಾವಿಯ ನೀರು ಕುಡಿದು, ಎಲೆಗೆ ಮತ ಹಾಕಿದ ನೆರೆಯವರೊಡನೆ ಬಾಳಿದರು. ಗೆದ್ದವರು ಸೋತವರನ್ನು ಪರಕೀಯರೆನ್ನಲಿಲ್ಲ. ಸೋತವರು ಗೆದ್ದವರ ನಾಡನ್ನು ತಮ್ಮದೆಂದೇ ತಿಳಿದು ದುಡಿದರು. ಗೋವೆಯ ಗಡಿ ಇಂದು ಶಾಂತವಾಗಿರುವುದು ಆ ಗೆರೆಯ ನೇರದಿಂದಲ್ಲ, ಅದು ಇಂದಿಗೂ ಡೊಂಕಾಗಿಯೇ ಇದೆ. ಒಳಗಿನ ಜನ ಒಬ್ಬರ ಮಾತನ್ನೊಬ್ಬರು ಎಣಿಸಿ, ಎಣಿಕೆಗೆ ತಲೆಬಾಗಿದ್ದರಿಂದ ಅದು ಶಾಂತವಾಗಿದೆ. ತರಗತಿಯ ನಾಯಕನ ಆಯ್ಕೆಯಲ್ಲಿ ಸೋತಾಗಲೂ, ಆಟದ ಬಯಲಿನಲ್ಲಿ ಸೋತಾಗಲೂ, ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಅದೇ ತಂಡಕ್ಕಾಗಿ ದುಡಿಯುವ ಮನಸ್ಸು ನಿಮ್ಮದಾಗಲಿ. ಭಾವುಸಾಹೇಬರ ಬಾಳಿನಿಂದ ನಾವು ಕಲಿಯಬೇಕಾದದ್ದು ಇದನ್ನೇ.